ಆಕಳಿಕೆಗೆ ಮುಂಚಿನ ಜಾಗ

ವಾಜಿದಾಳ ಫೋನು ಬಂದಾಗ ನಾನು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದೆ. ಹೆಸರು ಕೇಳಿದಾಗ ಮೊದಲು ಗುರುತು ಹತ್ತಲಿಲ್ಲ.

"ಹಮೀದಾ ಆಪಾ ಸೊಸೆ ಅಕ್ಕಾ. ಶಿವಾಜಿನಗರ."

ನಾನು ಹಾಡು ಕಲಿತ ಆ ಮನೆಗೆ ಕೊನೆಯ ಸಲ ಹೋಗಿದ್ದು ಹನ್ನೊಂದು ವರ್ಷದ ಹಿಂದೆ, ಆಪಾ ಅವರ ಗಂಡ ಚಾಂದ್ ಪಾಷಾ ತೀರಿಕೊಂಡಾಗ. ಆಮೇಲೆ ಹಬ್ಬಕ್ಕೊಂದು ಮೆಸೇಜು, ಅದೂ ಎರಡು ವರ್ಷ ನಡೆದು ನಿಂತುಹೋಗಿತ್ತು. ಮಕ್ಕಳಿಗೆ ಸಾಲು ಬರೆದುಕೊಳ್ಳಲು ಹೇಳಿ ಹೊರಗೆ ಬಂದೆ.

"ಅಮ್ಮೀಗೆ ಸ್ಟ್ರೋಕ್ ಆಗಿ ನಲವತ್ತು ದಿನ ಆಯ್ತು," ಎಂದಳು ವಾಜಿದಾ. "ಕೈಕಾಲು ಪರವಾಗಿಲ್ಲ. ಗಂಟಲು ಹೋಗ್ಬಿಟ್ಟಿದೆ. ಮೂಗಲ್ಲಿ ಪೈಪ್ ಹಾಕಿದ್ದಾರೆ, ಊಟ ಎಲ್ಲಾ ಅದ್ರಲ್ಲೇ."

"ಮಾತು?"

"ಬರತ್ತಂತೆ. ಅವರೇ ಆಡ್ತಿಲ್ಲ."

ಆಸ್ಪತ್ರೆಯಲ್ಲಿ ಮೊದಲ ವಾರ ಆಪಾ ಒಂದೇ ಸಲ ನೀರು ಕೇಳಿದ್ದರಂತೆ. ದನಿಯೆಲ್ಲ ಮೂಗಿನಿಂದ ಬಂತಂತೆ. ಅದನ್ನು ತಾವೇ ಕೇಳಿಸಿಕೊಂಡವರು ಆವತ್ತಿನಿಂದ ಬಾಯಿ ಮುಚ್ಚಿದ್ದಾರೆ. ಮನೆಗೆ ವಾರಕ್ಕೆರಡು ಸಲ ವ್ಯಾಯಾಮ ಹೇಳಿಕೊಡಲು ಒಬ್ಬ ಥೆರಪಿಸ್ಟ್ ಬರುತ್ತಾನೆ; ಅವನು 'ಆ' ಅನ್ನಿ ಎಂದರೆ ಗೋಡೆ ಕಡೆ ತಿರುಗಿಕೊಳ್ಳುತ್ತಾರೆ. ಇಪ್ಪತ್ತನೇ ತಾರೀಕು ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ. ಅಷ್ಟರೊಳಗೆ ಗಂಟಲಿಗೆ ಕೆಲಸ ಕೊಡದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಗೆ ಹಾಕುತ್ತಾರೆ.

"ಅದು ಹಾಕಿದ್ಮೇಲೆ ಅಮ್ಮಿ ಬಾಯಿ ತೆಗೆಯೋದೇ ಇಲ್ಲ ಅಕ್ಕಾ, ನಂಗೊತ್ತು. ಅವರ ಡೈರಿಲಿ ನಿಮ್ಮ ನಂಬರಿತ್ತು. ನೀವು ಬಂದು ಹೇಳಿದ್ರೆ ಕೇಳ್ತಾರೇನೋ."

ನಾನು ಹೇಳಿದರೆ ಆಪಾ ಕೇಳುತ್ತಾರೆಯೇ? ಆ ಮನೆಯಲ್ಲಿ ಕೇಳುವುದು ಯಾವಾಗಲೂ ನನ್ನ ಕೆಲಸವಾಗಿತ್ತು.

ಆಗ ನನಗೆ ಹತ್ತೊಂಬತ್ತು. ನಮ್ಮಪ್ಪ ಗುರುಶಾಂತಪ್ಪ ಗದಗದ ಕಡೆಯಿಂದ ಬಂದು ವಿಮಾನ ಕಾರ್ಖಾನೆ ಸೇರಿದ್ದವರು. ವಿಮಾನಪುರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಗಂಡಸರ ಹತ್ತಿರ ಹಾಡು ಕಲಿಯಲು ಅವ್ವ ಬಿಡಲಿಲ್ಲ. ಶಿವಾಜಿನಗರದಲ್ಲಿ ಒಬ್ಬ ಹೆಂಗಸು ಇದ್ದಾರೆ, ಅಜ್ಜನಿಂದ ಹಿಂದುಸ್ತಾನಿ ಖಯಾಲ್ ಹಾಡುಗಾರಿಕೆ ಕಲಿತವರು, ಹೊರಗೆಲ್ಲೂ ಹಾಡುವುದಿಲ್ಲ, ಹೆಣ್ಣುಮಕ್ಕಳಿಗೆ ಮಾತ್ರ ಹೇಳಿಕೊಡುತ್ತಾರೆ ಎಂದು ಯಾರೋ ಹೇಳಿದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಚಾಂದ್ ಪಾಷಾ ಅವರ ಶಾಮಿಯಾನಾ ಗೋಡೌನು, ಅದರ ಮೇಲೆ ಮನೆ. ಕಡಿದಾದ ಹದಿನಾಲ್ಕು ಕಲ್ಲಿನ ಮೆಟ್ಟಿಲು.

ಮೊದಲ ದಿನ ಅವ್ವನೂ ಬಂದಿದ್ದಳು. ನಾನು ರೇಷ್ಮೆ ಸೀರೆ ಉಟ್ಟು, ಹಾಡಲು ಎರಡು ಪದ ಸಿದ್ಧಮಾಡಿಕೊಂಡು ಹೋಗಿದ್ದೆ. ಆಪಾ ಹಾಡು ಕೇಳಲೇ ಇಲ್ಲ. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, "ಆಕಳಿಸು," ಎಂದರು.

ನಾನು ಕೈ ಅಡ್ಡ ಹಿಡಿದುಕೊಂಡು ಆಕಳಿಸಿದೆ.

"ಕೈ ತೆಗಿ ಬೇಟಾ. ಪೂರಾ ಆಕಳಿಸ್ಬೇಡ. ಆಕಳಿಕೆ ಬರ್ತಾ ಇದೆ, ಇನ್ನೂ ಬಂದಿಲ್ಲ, ಆಗ ಒಳಗೆ ಹಿಂದ್ಗಡೆ ಏನೋ ಮೇಲಕ್ಕೆ ಏಳ್ತದಲ್ಲ? ಅದನ್ನ ಹಿಡಿ."

ಅವತ್ತಿನ ಪಾಠ ಪೂರ್ತಿ ಅಷ್ಟೇ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ಬಾಯಿಗೆ ಸೆರಗು ಹಿಡಿದು ಗೊಣಗಿದಳು. "ಹೆಣ್ಮಕ್ಕಳು ಬಾಯಿ ತಗದ ಆಕಳಸಬಾರ್ದಂತ ಹತ್ತೊಂಬತ್ತ ವರ್ಷ ಬಡಕೊಂಡೇನಿ. ಅದನ್ನ ಬಿಡಸಾಕ ಎರಡ ಬಸ್ ಬದಲ್ಸಿ ಬರಬೇಕಾತು ನೋಡು."

ಆದರೂ ಅವಳು ನನ್ನನ್ನು ತಡೆಯಲಿಲ್ಲ. ಒಂದು ತಿಂಗಳು ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನೋಡಿದಳು. ಆಮೇಲೆ ನನ್ನ ಕೈಯಲ್ಲಿ ಆಪಾಗೆ ಜೋಳದ ರೊಟ್ಟಿ ಕಳಿಸತೊಡಗಿದಳು.

ಬಾಯೊಳಗಿನ ಮೇಲ್ಛಾವಣಿ ಮುಂದೆ ಗಟ್ಟಿ. ನಾಲಿಗೆಯ ತುದಿಯನ್ನು ಹಾಗೇ ಹಿಂದಕ್ಕೆ ಜಾರಿಸಿದರೆ ಒಂದು ಕಡೆ ಗಟ್ಟಿ ಮುಗಿದು ಮೆತ್ತಗಾಗುತ್ತದೆ, ಕಿರುನಾಲಿಗೆ ತೂಗುವ ಜಾಗ. ಆ ಮೆತ್ತನೆಯ ಅಂಗುಳು ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ದನಿ ಬಾಯೊಳಗೆ ದುಂಡಗೆ ನಿಲ್ಲುತ್ತದೆ. ಇಳಿಬಿದ್ದರೆ ಮೂಗಿಗೆ ಸೋರುತ್ತದೆ. ನನಗೆ ಸೋರುತ್ತಿತ್ತು. ಇದನ್ನು ಆಪಾ ಇಷ್ಟು ಮಾತಿನಲ್ಲಿ ಎಂದೂ ಹೇಳಲಿಲ್ಲ. ಒಂದು ದಿನ ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಗೋಡೌನಿನ ಮುಂದಿನ ಜಾಗದಲ್ಲಿ ಕೆಲಸದವರು ಮಳೆಗಾಲ ಕಳೆದ ಮೇಲೆ ಶಾಮಿಯಾನಾ ಬಿಚ್ಚಿ, ಹರಿದಿದೆಯೇ ಎಂದು ಕಟ್ಟಿ ನೋಡುತ್ತಿದ್ದರು. ನಾಲ್ಕು ಮೂಲೆಗೂ ಹಗ್ಗ ಬಿಗಿದಿದ್ದರು. ಕೆಂಪು ನೀಲಿ ಬಟ್ಟೆ ನಡುವೆ ಜೋತು ನೆಲ ಮುಟ್ಟುವ ಹಾಗಿತ್ತು.

"ಈಗ ಅದರೊಳಗೆ ನಿಲ್ತೀಯಾ?"

"ಆಗಲ್ಲ ಆಪಾ."

"ಮುತ್ತುರಾಜ, ನಡುವಿನ ಬೊಂಬು ಎತ್ತಪ್ಪ."

ಮುತ್ತುರಾಜ ಬಟ್ಟೆಯಡಿ ನುಗ್ಗಿ ಬೊಂಬು ನೆಟ್ಟಗೆ ನಿಲ್ಲಿಸಿದ. ಬಟ್ಟೆ ಒಮ್ಮೆಲೇ ಮೇಲಕ್ಕೆ ಹೋಯಿತು. ಕೆಳಗೆ ಕೆಂಪು ನೆರಳಿನ ಒಂದು ದೊಡ್ಡ ಕೋಣೆಯೇ ಆಯಿತು. ನಾನು ಆಪಾ ಇಬ್ಬರೂ ಒಳಗೆ ಹೋಗಿ ನಿಂತೆವು.

"ನಿನ್ನ ಬಾಯಲ್ಲಿ ಬಟ್ಟೆ ಜೋತು ಬಿದ್ದಿದೆ," ಎಂದರು. "ದನಿ ಪಾಪ, ನಿಲ್ಲಕ್ಕೆ ಜಾಗ ಇಲ್ದೆ ಮೂಗಿಂದ ಓಡೋಗ್ತದೆ."

ಓಡಿಹೋಗುತ್ತಿದೆಯೋ ಇಲ್ಲವೋ ತಿಳಿಯಲು ಅವರ ಹತ್ತಿರ ಅಂಗೈಯಗಲದ ಒಂದು ದುಂಡು ಕನ್ನಡಿ ಇತ್ತು. ನಾವು 'ಆ' ಎಂದು ಸ್ವರ ಹಿಡಿದಾಗ ಅದನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಗಾಜಿನ ಮೇಲೆ ಆವಿ ಕೂತರೆ ಮುಗಿಯಿತು, ಮತ್ತೆ ಮೊದಲಿನಿಂದ. ಹೇಗೆ ಎಂದು ಕೇಳಿದರೆ ಆಪಾ ವಿವರಿಸುತ್ತಿರಲಿಲ್ಲ. "ಹೀಗೆ," ಎಂದು ಹಾಡಿ ತೋರಿಸುತ್ತಿದ್ದರು. ಆ ಮನೆಯದೊಂದು ಕಟ್ಟಳೆಯಿತ್ತು. ತಪ್ಪು 'ಆ' ಹಿಡಿದುಕೊಂಡು ಯಾರೂ ಮೆಟ್ಟಿಲು ಇಳಿಯುವಂತಿಲ್ಲ. ಮನೆಗೆ ಒಯ್ದರೆ ಅದೇ ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ಆವಿ ಇಷ್ಟಾದರೂ ಕಡಿಮೆಯಾಗುವವರೆಗೆ ಕೂರಿಸುತ್ತಿದ್ದರು. ಬಸ್ಸು ತಪ್ಪಿ, ಊಟದ ಹೊತ್ತು ಮೀರಿ, ಕೆಳಗೆ ಚಾಂದ್ ಪಾಷಾ ಅವರು ಕೆಮ್ಮಿ ಕೆಮ್ಮಿ ತಮ್ಮ ಹಸಿವನ್ನು ತಿಳಿಸುತ್ತಿದ್ದರೂ ಆಪಾ ಏಳುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ನನ್ನ ಮದುವೆಗೆ ಒಂದು ವಾರ ಇದ್ದಾಗ, ಒಂದು ಮಂಗಳವಾರ, ಕನ್ನಡಿ ತಿಳಿಯಾಗಿ ಉಳಿಯಿತು. ಆಪಾ ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು. ಒರೆಸಲು ಏನೂ ಇಲ್ಲದಿದ್ದರೂ ದುಪಟ್ಟಾದಲ್ಲಿ ಒರೆಸಿದರು.

"ಸರಿ. ಇಳಿ," ಎಂದರು.

ಆ ಹದಿನಾಲ್ಕು ಮೆಟ್ಟಿಲು ಇಳಿದದ್ದು ನನಗೆ ಇವತ್ತಿಗೂ ಒಂದೊಂದಾಗಿ ನೆನಪಿದೆ. ದಾವಣಗೆರೆಯ ದೊಡ್ಡ ಮನೆಯ ಅಡುಗೆಕೋಣೆಯಲ್ಲಿ, ಮಗಳು ಸೃಷ್ಟಿ ಹುಟ್ಟಿದ ಮೇಲೆ, ಮತ್ತೆ ಬೆಂಗಳೂರಿಗೆ ಬಂದು ಗರುಡಾಚಾರ್‌ಪಾಳ್ಯದ ಏಳನೇ ಮಹಡಿ ಸೇರಿದ ಮೇಲೂ, ಮನಸ್ಸು ಕುಗ್ಗಿದಾಗಲೆಲ್ಲ ಆ ಮಂಗಳವಾರವನ್ನು ಹೊರತೆಗೆದು ನೋಡಿಕೊಂಡಿದ್ದೇನೆ. ಕನ್ನಡಿ ಈಗಲೂ ಹಾಗೇ ತಿಳಿಯಾಗಿದೆ ಎಂದೇ ನಂಬಿದ್ದೆ.

ವಾಜಿದಾಳ ಫೋನು ಬಂದ ಮಾರನೆಯ ದಿನ ಮೆಟ್ರೋ ಹಿಡಿದು ಎಂ.ಜಿ. ರಸ್ತೆಯಲ್ಲಿ ಇಳಿದು ಆಟೋದಲ್ಲಿ ಹೋದೆ. ಓಣಿ ಇನ್ನೂ ಕಿರಿದಾದಂತೆ ಕಂಡಿತು. ಗೋಡೌನಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ, ಕಬ್ಬಿಣದ ಚೌಕಟ್ಟುಗಳು, ಬಿಳಿ ಗುಲಾಬಿ ಬಟ್ಟೆ. ಆಪಾ ಅವರ ಮಗ ರಿಜ್ವಾನ್ ಎದ್ದು ಬಂದ. ನಾನು ಕಲಿಯಲು ಬರುತ್ತಿದ್ದಾಗ ಅವನು ಮೆಟ್ಟಿಲ ಮೇಲೆ ಕೂತು ಕನ್ನಡ ಮಗ್ಗಿ ಬಾಯಿಪಾಠ ಮಾಡುತ್ತಿದ್ದ.

"ಬೊಂಬು ಯಾವುದೂ ಕಾಣಲ್ಲ," ಎಂದೆ.

"ಈಗ ಎಲ್ಲಿ ಬೊಂಬು ಆಂಟಿ, ಎಲ್ಲಾ ಫ್ರೇಮು. ನಡುವೆ ಕಂಬ ಇದ್ರೆ ಸ್ಟೇಜ್ ಕಾಣಲ್ಲ ಅಂತಾರೆ ಜನ." ದನಿ ತಗ್ಗಿಸಿದ. "ನೋಡಿ, ನೀವಾದ್ರೂ ಹೇಳಿ. ನಾವು ಹೇಳಿದ್ರೆ ಕಣ್ಣು ಮುಚ್ಕೋತಾರೆ."

ಆಪಾ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಬಲ ಮೂಗಿನಿಂದ ತೆಳ್ಳನೆಯ ನಳಿಗೆ ಹೊರಟು ಕೆನ್ನೆಗೆ ಅಂಟಿಸಿದ ಪಟ್ಟಿಯಡಿ ಹೋಗಿತ್ತು. ಕೂದಲು ಪೂರ್ತಿ ಬೆಳ್ಳಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪಕ್ಕದಲ್ಲಿದ್ದ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಏನೋ ಬರೆದು ವಾಜಿದಾಳ ಕಡೆ ತಿರುಗಿಸಿದರು. ಅವಳು ಓದಿ ತುಟಿ ಕಚ್ಚಿಕೊಂಡಳು.

"ಏನಂತೆ?"

"ದಪ್ಪ ಆಗಿದ್ದೀಯ ಅಂತಿದ್ದಾರೆ."

ಥೆರಪಿಸ್ಟ್ ಸುಗತ ಆಗಲೇ ಬಂದಿದ್ದ. ಮೂವತ್ತೂ ಆಗಿರದ ಹುಡುಗ, ಚೀಲದ ತುಂಬ ಸ್ಟ್ರಾಗಳು, ಟಾರ್ಚು. ಆಸ್ಪತ್ರೆಯಲ್ಲಿ ತೆಗೆದ ಚಿತ್ರವನ್ನು ಫೋನಿನಲ್ಲಿ ತೋರಿಸಿದ. "ನೋಡಿ ಮೇಡಂ, ಅಂಗುಳು ಬಲಗಡೆಗೇ ಎಳೀತಿದೆ. ಎಡಗಡೆ ಬಿದ್ದುಹೋಗಿದೆ. ಮುಚ್ಚಲ್ಲ, ಅದಕ್ಕೆ ಮಾತು ಮೂಗಿಗೆ ಹೋಗತ್ತೆ, ನೀರೂ ಮೂಗಿಗೆ ಬರತ್ತೆ. ಕೆಲಸ ಕೊಟ್ರೆ ಇರೋ ಭಾಗ ಕಲೀತದೆ. ಕೊಡದಿದ್ರೆ ಇರೋದೂ ಹೋಗತ್ತೆ."

ಒಂದು ಕಡೆಯ ಹಗ್ಗ ಹರಿದು ಓರೆಯಾಗಿ ನಿಂತ ಶಾಮಿಯಾನಾ ನನ್ನ ಕಣ್ಣ ಮುಂದೆ ಬಂತು. ಅವನು ಹೋದ ಮೇಲೆ ನಾನು ಆಪಾ ಪಕ್ಕ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಬರೆದರು.

ವಾಜಿದಾ ಓದಿದಳು. "ಇವಳಿಗೆ ಚಹಾ ಕೊಡು."

"ಆಪಾ, ನಾನು ಚಹಾ ಕುಡಿಯಕ್ಕೆ ಬಂದಿಲ್ಲ."

ಅವರು ಮತ್ತೆ ಬರೆದರು. ವಾಜಿದಾ ದನಿ ತಗ್ಗಿಸಿ ಓದಿದಳು. "'ನನ್ನ ದನಿ ನೀನು ಕೇಳಿದ್ದೀಯ. ಅದೇ ಇರಲಿ.'"

ಹೊರಗೆ ಯಾವ ವೇದಿಕೆಯನ್ನೂ ಹತ್ತದ ಹೆಂಗಸು ಅವರು. ಅವರ ದನಿಯಿದ್ದದ್ದು ನಮ್ಮ ಏಳೆಂಟು ಹುಡುಗಿಯರ ಕಿವಿಯಲ್ಲಿ ಮಾತ್ರ. ಅಲ್ಲಿ ಅದು ಕೆಡಬಾರದು ಎಂದು ಅವರು ಹಟ ಹಿಡಿದಿದ್ದರೆ ಅದು ನನಗೆ ತಿಳಿಯುತ್ತಿತ್ತು. ನಾನೂ ಒಂದು ಮಂಗಳವಾರವನ್ನು ಹಾಗೇ ಕಾಪಾಡಿಕೊಂಡು ಬಂದವಳು. ಚಹಾ ಕುಡಿದು ಇಳಿದುಬಂದೆ.

ಪರೀಕ್ಷೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಎರಡು ದಿನ ಬಿಟ್ಟು ಮತ್ತೆ ಹೋದೆ. ಹಣ್ಣು ಒಯ್ದರೆ ತಿನ್ನುವಂತಿಲ್ಲ. ಹಾಡಿ ಬರೋಣ ಎಂದುಕೊಂಡೆ. ಅಷ್ಟೇ ಅಲ್ಲ ಎಂದು ಒಪ್ಪಿಕೊಳ್ಳಬೇಕು. ಅವರು ಕೇಳಲಿ ಎಂಬ ಆಸೆಯೂ ಇತ್ತು.

ಸೃಷ್ಟಿ ಹಾಕಿಕೊಟ್ಟಿದ್ದ ತಂಬೂರಿಯ ಆ್ಯಪನ್ನು ಫೋನಿನಲ್ಲಿ ಹಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು ಭೂಪ ರಾಗ ಹಿಡಿದೆ. ಆಪಾ ಕಣ್ಣು ಮುಚ್ಚಿಕೊಂಡರು. ಕೆಳಗೆ ಯಾರೋ ಕುರ್ಚಿ ಎಣಿಸುವುದನ್ನು ನಿಲ್ಲಿಸಿದರು. ಬಹಳ ದಿನದ ಮೇಲೆ ಹಾಡು ತಾನಾಗಿ ಹರಿಯುತ್ತಿದೆ ಅನ್ನಿಸಿತು. ಕಣ್ಣು ಬಿಟ್ಟರೆ ಆಪಾ ಅವರ ಹುಬ್ಬುಗಳ ನಡುವೆ ಗೆರೆ. ಅವರ ಬಲಗೈ ಮೇಜಿನ ಖಾನೆಯತ್ತ ಬೆರಳು ಮಾಡುತ್ತಿತ್ತು.

ವಾಜಿದಾ ಖಾನೆ ಎಳೆದಳು. ಗುಂಡಿಗಳ ಡಬ್ಬಿ, ಥರ್ಮಾಮೀಟರು, ಅದರಡಿ ಕನ್ನಡಿ.

ಆಪಾ ಅದನ್ನು ನನ್ನ ಮೂಗಿನ ಕೆಳಗೆ ಹಿಡಿದರು. ನಾನು ಷಡ್ಜದಲ್ಲಿ 'ಆ' ಹಿಡಿದೆ. ಅವರು ಕನ್ನಡಿಯನ್ನು ನನ್ನತ್ತ ತಿರುಗಿಸಿದರು. ಗಾಜು ಪೂರ್ತಿ ಬೆಳ್ಳಗಾಗಿತ್ತು.

ಹೊದಿಕೆಯಲ್ಲಿ ಒರೆಸಿ ಮತ್ತೆ ಹಿಡಿದರು. ಮತ್ತೆ ಬೆಳ್ಳಗೆ.

"ವಯಸ್ಸಾಯ್ತಲ್ಲ ಆಪಾ," ಎಂದು ನಕ್ಕೆ. ಅವರು ನಗಲಿಲ್ಲ.

ನನ್ನ ಅಂಗುಳು ಯಾವಾಗ ಇಳಿಬಿತ್ತೋ ನನಗೆ ಗೊತ್ತಿಲ್ಲ. ಅತ್ತೆಯ ಎದುರು ಬಂದ ಮಾತನ್ನು ಅರ್ಧಕ್ಕೆ ನುಂಗಿಕೊಂಡ ವರ್ಷಗಳಲ್ಲೋ, ಮಲಗಿದ ಮಗುವಿಗೆ ಎಚ್ಚರವಾಗದಿರಲಿ ಎಂದು ಗುನುಗಿದ ವರ್ಷಗಳಲ್ಲೋ. ಬಾಯಿ ಅಷ್ಟು ತೆರೆಯುವ ಅಗತ್ಯವೇ ಬಿದ್ದಿರಲಿಲ್ಲ. ಕ್ಲಬ್ ಹೌಸಿನಲ್ಲಿ ಮೈಕು ಎಲ್ಲವನ್ನೂ ಮುಚ್ಚಿಡುತ್ತಿತ್ತು. ಬಸವ ಜಯಂತಿಗೆ ಹಾಡಿದಾಗ ಜನ ಚಪ್ಪಾಳೆ ತಟ್ಟಿದ್ದರು. ಇಪ್ಪತ್ತೆಂಟು ವರ್ಷ ಯಾರೂ ನನಗೆ ಹೇಳಲಿಲ್ಲ, ಯಾಕೆಂದರೆ ಅದನ್ನು ಕೇಳಬಲ್ಲ ಕಿವಿ ಇದ್ದದ್ದು ಇಲ್ಲೊಂದೇ. ಅದರ ಹತ್ತಿರ ಹಾಡಲು ನಾನು ಬರಲಿಲ್ಲ.

"ಹೇಗೆ ಆಪಾ?" ಎಂದೆ. ಹಳೆಯ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

ಅವರು ನೋಟ್‌ಬುಕ್ ಎಳೆದುಕೊಂಡು ಒಂದು ಪದ ಬರೆದರು, ಹೊಡೆದುಹಾಕಿದರು. ಮತ್ತೆ ಬರೆದರು, ಮತ್ತೆ ಹೊಡೆದುಹಾಕಿದರು. ಪೆನ್ನಿನ ಮೊನೆಗೆ ಸಿಕ್ಕಿ ಕಾಗದ ಹರಿಯಿತು. ವಾಜಿದಾ ಬಗ್ಗಿ ನೋಡಿದಳು.

"ಏನೂ ಇಲ್ಲ ಅಕ್ಕಾ. 'ಹೀಗೆ' ಅಂತ ಅಷ್ಟೇ. ಎರಡ್ಸಲನೂ ಅದೇ."

ಗಂಟೆ ಒಂದಾಗಿತ್ತು. ನಾನು ಇನ್ನೂ ಕೂತಿದ್ದರೆ ಅಳು ಬರುತ್ತಿತ್ತು. ನಾಳೆ ಬರುತ್ತೇನೆ ಎಂದು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಬಂದೆ. ಹಿಂದಿನಿಂದ ಟಕ್ ಟಕ್ ಎಂದು ಶಬ್ದವಾಯಿತು. ಆಪಾ ಕನ್ನಡಿಯ ಅಂಚಿನಿಂದ ಮಂಚದ ಕಬ್ಬಿಣಕ್ಕೆ ಹೊಡೆಯುತ್ತಿದ್ದರು. ಮುಖದ ಮೇಲೆ ಹಳೆಯ ಸಿಟ್ಟಿತ್ತು, ಬಸ್ಸು ತಪ್ಪಿಸುತ್ತಿದ್ದ ಸಿಟ್ಟು. ತಪ್ಪು 'ಆ' ಹಿಡಿದುಕೊಂಡು ಮೆಟ್ಟಿಲಿಗೆ ಹೊರಟಿದ್ದೆ ನಾನು.

ತಿರುಗಿ ಬಂದು ಎದುರಿಗೆ ಕೂತೆ.

ಅವರು ಕಿಟಕಿ ಮುಚ್ಚುವಂತೆ ಸನ್ನೆ ಮಾಡಿದರು. ಮುಚ್ಚಿದೆ. ಅವರ ದವಡೆ ಇಳಿಯಿತು, ಕೆನ್ನೆಯ ಮೇಲಿನ ನಳಿಗೆ ಅಲುಗಿತು. ಆಕಳಿಕೆ ಬರುವ ಮುಂಚಿನ ಆ ಮುಖ. ನನಗೆ ಹತ್ತೊಂಬತ್ತಾಗಿದ್ದಾಗ ತೋರಿಸಿದ್ದೇ ಮುಖ. ಮತ್ತೆ, "ಆ."

ತಿದಿ ಹರಿದ ಹಾರ್ಮೋನಿಯಂನ ಹಾಗಿತ್ತು. ಉಸಿರೆಲ್ಲ ಮೂಗಿನಿಂದ ಬುಸ್ಸೆಂದು ಹೊರಟು, ಅದರ ಅಡಿಯಲ್ಲಿ ಎಲ್ಲೋ ತೆಳ್ಳಗೆ ಒಂದು ದನಿ. ಅಡುಗೆಮನೆಯಲ್ಲಿ ವಾಜಿದಾ ನಲ್ಲಿ ನಿಲ್ಲಿಸಿದಳು. ನನಗೆ ಬೇರೆ ಕಡೆ ನೋಡಬೇಕು ಅನ್ನಿಸಿತು. ಆದರೆ ಫೋನಿನಲ್ಲಿ ತಂಬೂರಿ ಇನ್ನೂ ನುಡಿಯುತ್ತಿತ್ತು, ಆ ಹರಿದ ದನಿ ಸರಿಯಾಗಿ ಅದರ ಷಡ್ಜದ ಮೇಲೆ ಕೂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ನಾನು ಶಿಷ್ಯೆ ಮಾಡಬೇಕಾದದ್ದನ್ನು ಮಾಡಿದೆ. ಅವರ ಹಿಂದೆ 'ಆ' ಎಂದೆ.

ಅವರು ಕನ್ನಡಿ ಹಿಡಿದರು. ಬಿಳುಪು. ನಾನು ಅವರ ಕೈಯಿಂದ ಕನ್ನಡಿ ತೆಗೆದುಕೊಂಡು ಅವರ ಎಡ ಮೂಗಿನ ಕೆಳಗೆ ಹಿಡಿದೆ. ಅವರು ತಡೆಯಲಿಲ್ಲ. ಅಲ್ಲಿಯೂ ಬಿಳುಪು. ಅವರು ಅದನ್ನು ನೋಡಿ, ಯಾವುದೋ ಹೊಸ ಹುಡುಗಿಯ ತಪ್ಪು ಕಂಡವರ ಹಾಗೆ ತಲೆಯಾಡಿಸಿದರು. ಮತ್ತೆ ದವಡೆ ಇಳಿಸಿದರು.

ಮೂರು ಗಂಟೆಗೆ ರಿಜ್ವಾನ್ ಊಟಕ್ಕೆ ಬಂದ. ಒಳಗೆ ಬರದೆ ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟ. ಅಪ್ಪನ ಹಾಗೆ ಕೆಮ್ಮಲಿಲ್ಲ.

ಆಮೇಲೆ ನಾನು ದಿನವೂ ಹೋದೆ. ಸುಗತ ಕೊಟ್ಟ ಕ, ಗ, ಕಾಕಾ, ಗಾಗಾ ಪಟ್ಟಿಯನ್ನು ಆಪಾ ಸುಮ್ಮನೆ ಓದಲು ಒಪ್ಪಲಿಲ್ಲ. ಒಂದೊಂದನ್ನೂ ಸ್ವರಕ್ಕೆ ಕೂರಿಸಿ ಮಾಡಿದರು. ಕನ್ನಡಿ ನೋಡಿ ಅವನು ತನ್ನ ಚೀಲದಿಂದ ಅಂಥದ್ದೇ ಒಂದು ಚಿಕ್ಕ ಕನ್ನಡಿ ತೆಗೆದು ತೋರಿಸಿದ. "ನಮಗೂ ಇದನ್ನೇ ಕಲಿಸಿದ್ದು ಅಜ್ಜಿ." ಆಪಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟು, ತಮ್ಮದರ ಕಡೆಗೇ ಕೈ ಚಾಚಿದರು. ನಾನಲ್ಲದೆ ಬೇರೆಯವರ ಮುಂದೆ ದನಿ ತೆಗೆಯಲು ಅವರಿಗೆ ಇನ್ನೂ ನಾಲ್ಕು ದಿನ ಬೇಕಾಯಿತು.

ಇಪ್ಪತ್ತನೇ ತಾರೀಕು ಆಸ್ಪತ್ರೆಯಲ್ಲಿ ಮೂಗಿನಿಂದ ಕ್ಯಾಮೆರಾ ಇಳಿಸಿ, ಬಣ್ಣ ಹಾಕಿದ ಮೊಸರು ನುಂಗಿಸಿ ನೋಡಿದರು. ದಪ್ಪ ಪದಾರ್ಥ ಇಳಿಯುತ್ತಿದೆ, ನೀರು ಇನ್ನೂ ಬೇಡ ಎಂದರು. ನಳಿಗೆ ತೆಗೆದರು. ಹೊರಗೆ ಬಂದ ಸುಗತನನ್ನು ಪಕ್ಕಕ್ಕೆ ಕರೆದು ಹಾಡಿನ ಬಗ್ಗೆ ಕೇಳಿದೆ.

"ಮಾತು ಅರ್ಥ ಆಗೋ ಹಾಗೆ ಬರತ್ತೆ ಮೇಡಂ. ಹಾಡು ಮೊದಲಿನ ಹಾಗೆ ಬರಲ್ಲ. ಸುಳ್ಳು ಹೇಳಲ್ಲ ನಾನು."

ಗಾಲಿಕುರ್ಚಿಯಲ್ಲಿದ್ದ ಆಪಾ ಕೇಳಿಸಿಕೊಂಡರು. ನೋಟ್‌ಬುಕ್ಕಿಗೆ ಕೈ ಚಾಚಲಿಲ್ಲ.

ಸಂಜೆ ಮನೆಯಲ್ಲಿ ವಾಜಿದಾ ಚಹಾ ಮಾಡಿ, ಅದಕ್ಕೆ ಆಸ್ಪತ್ರೆಯವರು ಕೊಟ್ಟ ಪುಡಿ ಬೆರೆಸಿ ಗಂಜಿಯಷ್ಟು ದಪ್ಪ ಮಾಡಿದಳು. ಆಪಾ ಒಂದು ಚಮಚ ಬಾಯಿಗಿಟ್ಟುಕೊಂಡು ಗದ್ದ ತಗ್ಗಿಸಿ ನುಂಗಿದರು. ರಿಜ್ವಾನ್, ವಾಜಿದಾ, ನಾನು ಮೂವರೂ ಅವರ ಮೂಗನ್ನೇ ನೋಡುತ್ತಿದ್ದೆವು. ಏನೂ ಬರಲಿಲ್ಲ.

"ಗೋಂದು," ಎಂದರು ಆಪಾ.

"ಏನು ಅಮ್ಮೀ?" ರಿಜ್ವಾನ್ ಬಗ್ಗಿದ.

"ಗೋಂದು ಇದು. ಚಹಾ ಅಲ್ಲ." ಮೂಗಿನಲ್ಲೇ ಬಂತು. ಆದರೆ ಒಂದೊಂದು ಅಕ್ಷರವೂ ತಿಳಿಯಿತು. ವಾಜಿದಾ ಒಲೆಯ ಕಡೆ ತಿರುಗಿ, ಆರಿದ್ದ ಒಲೆಯನ್ನು ಮತ್ತೆ ಆರಿಸಿದಳು.

ಆಪಾ ಆ ಗೋಂದನ್ನೇ ಅರ್ಧ ಬಟ್ಟಲು ಮುಗಿಸಿದರು. ನಾನು ಚೀಲ ತೆಗೆದುಕೊಂಡು ಎದ್ದೆ. ಹೊರಗೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು, ಮೆಟ್ರೋದಲ್ಲಿ ಈ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ.

"ನಿಂದು," ಎಂದರು ಆಪಾ. ಕನ್ನಡಿ ಆಗಲೇ ಕೈಯಲ್ಲಿತ್ತು.

ನಿಂತುಕೊಂಡೇ 'ಆ' ಎಂದೆ. ಅವರು ಕನ್ನಡಿಯನ್ನು ಬಲ್ಬಿನ ಬೆಳಕಿಗೆ ತಿರುಗಿಸಿದರು. ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಆವಿಯ ಕಲೆ. ನಿನ್ನೆ ಎಷ್ಟಿತ್ತೋ ಅಷ್ಟೇ. ಅವರು ಅದನ್ನು ದುಪಟ್ಟಾದಲ್ಲಿ ಒರೆಸಿ, ಮಂಚದ ಅಂಚನ್ನು ತಟ್ಟಿದರು.

ಫೋನು ಬಡಿದುಕೊಂಡಿತು. ಸೃಷ್ಟಿ ಆಫೀಸಿನಿಂದ ಮನೆಗೆ ಬಂದಿದ್ದಳು. "ಎಲ್ಲಿದೀಯ ಅಮ್ಮಾ? ಇನ್ನೂ ಆಸ್ಪತ್ರೆನಾ?"

"ಇಲ್ಲ," ಎಂದೆ. "ಪಾಠದಲ್ಲಿದೀನಿ. ಮುಗಿಯೋದು ತಡ ಆಗತ್ತೆ, ನೀನು ಊಟ ಮಾಡು."

ಚೀಲವನ್ನು ಕೆಳಗಿಟ್ಟು ಅವರ ಎದುರಿಗೆ ಕೂತೆ.